ಕಾಂಬಿ ಬಾಯ್ಲರೋ, ನಮ್ಮ ಹಳೆಯ ಹಂಡೆಯೋ? ಬಕೆಟ್ ಹಿಡಿದು ಮಾಡಿದ ತೀರ್ಮಾನ

ಮನೆ ಬೆಚ್ಚಗಿಡುವ, ಸ್ನಾನಕ್ಕೆ ನೀರು ಕಾಯಿಸುವ ನಮ್ಮ ಗ್ಯಾಸ್ ಬಾಯ್ಲರ್‌ಗೆ 19 ವರ್ಷ ಆಗಿತ್ತು. ಕಳೆದ ಚಳಿಗಾಲದಲ್ಲಿ, ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇದ್ದ ಒಂದು ರಾತ್ರಿ, ಅದರ ಫ್ಯಾನ್ ಕೆಟ್ಟು ನಿಂತುಹೋಯಿತು. ಬೆಳಗ್ಗೆ ಎದ್ದಾಗ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳೆಲ್ಲ ಕಲ್ಲಿನ ಹಾಗೆ ತಣ್ಣಗಿದ್ದವು. ಹಳೆಯ ಮಾಡೆಲ್ ಆದ್ದರಿಂದ ಫ್ಯಾನ್ ಸಿಗಲು ಐದು ದಿನ ಹಿಡಿಯಿತು. ರಿಪೇರಿಗೆ ಬಂದವರು ಹೋಗುವಾಗ ಒಂದು ಮಾತು ಹೇಳಿದರು: "ಇನ್ನೊಂದು ಚಳಿಗಾಲ ಓಡಬಹುದು. ಅಷ್ಟರೊಳಗೆ ಹೊಸದು ನೋಡಿಕೊಳ್ಳಿ."

ಹೊಸದು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು, ಕಾಂಬಿ. ನೀರು ಕೂಡಿಡದೆ, ನಲ್ಲಿ ತಿರುಗಿಸಿದಾಗಲೇ ಕಾಯಿಸಿಕೊಡುವ ಬಾಯ್ಲರ್ ಅದು. ಅಕ್ಕಪಕ್ಕದವರು ಕಾಂಬಿ ಹಾಕಿಸಿದ್ದರು. ನನ್ನ ತಂಗಿ ಹಾಕಿಸಿದ್ದಳು. ನಾನೂ ಅದನ್ನೇ ಹಾಕಿಸೋಣ ಅಂದುಕೊಂಡೇ ಹೊರಟೆ. ನಾಲ್ಕು ತಿಂಗಳು ಓದಿ, ಅಳೆದು, ಬಾಯ್ಲರ್ ಹಾಕುವ ಮೂವರನ್ನು ಕರೆಸಿ ಕೇಳಿದ ಮೇಲೆ ಬೇರೆ ಕಡೆಗೆ ತಿರುಗಿದೆ. ಆ ನಾಲ್ಕು ತಿಂಗಳ ಕಥೆ ಇದು.

ಮೊದಲು ನಮ್ಮ ಮನೆಯಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ಕೆಳಗೆ ಅಡುಗೆಮನೆಯಲ್ಲಿ ಬಾಯ್ಲರ್. ಮೇಲಿನ ಮಹಡಿಯ ಒಂದು ಕಪಾಟಿನಲ್ಲಿ 120 ಲೀಟರ್ ಹಿಡಿಯುವ ತಾಮ್ರದ ಸಿಲಿಂಡರ್. ನಾವೆಲ್ಲ ಅದನ್ನು ಹಂಡೆ ಅಂತಲೇ ಕರೆಯುವುದು. ಅದರ ಮೇಲೆ, ಅಟ್ಟದಲ್ಲಿ, ತಣ್ಣೀರಿನ ತೊಟ್ಟಿ. ಬಾಯ್ಲರ್‌ನಲ್ಲಿ ಕಾದ ನೀರು ರೇಡಿಯೇಟರ್‌ಗಳಿಗೂ ಹೋಗುತ್ತದೆ, ಹಂಡೆಯ ಒಳಗಿನ ಸುರುಳಿ ಪೈಪಿನಲ್ಲೂ ಸುತ್ತುತ್ತದೆ. ಆ ಸುರುಳಿಯ ಬಿಸಿಗೆ ಹಂಡೆಯ ನೀರು ಕಾಯುತ್ತದೆ. ಸ್ನಾನಕ್ಕೆ ಬರುವುದು ಹಂಡೆಯ ನೀರು.

ಕಾಂಬಿಯಲ್ಲಿ ಈ ಹಂಡೆಯೂ ಇಲ್ಲ, ಅಟ್ಟದ ತೊಟ್ಟಿಯೂ ಇಲ್ಲ. ಬಿಸಿನೀರಿನ ನಲ್ಲಿ ತಿರುಗಿಸಿದ ತಕ್ಷಣ ನೀರು ಹರಿಯುವುದನ್ನು ಒಂದು ಸೆನ್ಸರ್ ಗುರುತಿಸುತ್ತದೆ, ಬರ್ನರ್ ಹೊತ್ತಿಕೊಳ್ಳುತ್ತದೆ. ಒಳಗಿರುವ ಡೈವರ್ಟರ್ ವಾಲ್ವ್ ರೇಡಿಯೇಟರ್ ಕಡೆಗೆ ಹೋಗುತ್ತಿದ್ದ ಬಿಸಿಯನ್ನು ಈ ಕಡೆಗೆ ತಿರುಗಿಸುತ್ತದೆ. ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಎಂಬ ಚಿಕ್ಕ ಭಾಗದ ಒಂದು ಬದಿಯಲ್ಲಿ ಬಾಯ್ಲರ್‌ನ ಬಿಸಿ, ಇನ್ನೊಂದು ಬದಿಯಲ್ಲಿ ಬೀದಿಯ ಪೈಪಿನಿಂದ ಬಂದ ತಣ್ಣೀರು. ಹಾದುಹೋಗುವ ಆ ಕೆಲವೇ ಕ್ಷಣಗಳಲ್ಲಿ ನೀರು ಬಿಸಿಯಾಗಬೇಕು. ನಲ್ಲಿ ನಿಲ್ಲಿಸುವವರೆಗೆ ರೇಡಿಯೇಟರ್‌ಗಳಿಗೆ ಬಿಸಿ ಹೋಗುವುದಿಲ್ಲ. ಹತ್ತು ನಿಮಿಷದ ಸ್ನಾನದಲ್ಲಿ ಮನೆ ತಣ್ಣಗಾಗುವುದಿಲ್ಲ, ಅದರ ಚಿಂತೆ ಬೇಡ.

ನನ್ನನ್ನು ಸೆಳೆದದ್ದು ಮುಖ್ಯವಾಗಿ ಎರಡು ವಿಷಯ. ಒಂದು, ಬಿಸಿನೀರು ಮುಗಿಯುವುದೇ ಇಲ್ಲ. ನಮ್ಮ ಮನೆಯಲ್ಲಿ ಬೆಳಗ್ಗೆ ಏಳರಿಂದ ಎಂಟರೊಳಗೆ ನಾಲ್ಕು ಜನರ ಸ್ನಾನ. ನಮ್ಮವರದ್ದು, ಮಗನದ್ದು, ಮಗಳದ್ದು ಮೇಲೆ. ಅತ್ತೆಯವರದ್ದು ಕೆಳಗಿನ ಚಿಕ್ಕ ಬಚ್ಚಲಲ್ಲಿ. ಕೊನೆಯವರಿಗೆ ಉಗುರುಬೆಚ್ಚಗಿನ ನೀರೇ ಗತಿ. ಎರಡನೆಯದು, ಹಂಡೆ ಸುಮ್ನೆ ನಿಂತಲ್ಲೇ ಬಿಸಿ ಕಳೆದುಕೊಳ್ಳುವುದು. ಒಂದು ರಾತ್ರಿ ಬಾಯ್ಲರ್ ನಿಲ್ಲಿಸಿ ನೋಡಿದೆ. ಹತ್ತು ಗಂಟೆಗೆ 60 ಡಿಗ್ರಿ ಇದ್ದ ಹಂಡೆ ಬೆಳಗ್ಗೆ ಆರಕ್ಕೆ 52ಕ್ಕೆ ಇಳಿದಿತ್ತು. ಯಾರೂ ನಲ್ಲಿ ಮುಟ್ಟಿರಲಿಲ್ಲ. ಲೆಕ್ಕ ಹಾಕಿದರೆ ಎಂಟು ಗಂಟೆಯಲ್ಲಿ ಒಂದು ಯೂನಿಟ್‌ಗಿಂತ (ಒಂದು ಕಿಲೋವ್ಯಾಟ್-ಗಂಟೆ) ಸ್ವಲ್ಪ ಜಾಸ್ತಿ ಶಾಖ ಗಾಳಿಗೆ ಹೋಗಿತ್ತು. ದಿನಕ್ಕೆ ಮೂರು ಯೂನಿಟ್ ಮೇಲೆ ಆಯಿತು. ನೋಡಿ ಹೊಟ್ಟೆ ಉರಿಯಿತು.

ಮೊದಲು ಬಂದವರು ಹದಿನೈದು ನಿಮಿಷ ಇದ್ದರು. ಬಾಯ್ಲರ್ ನೋಡಿದರು, ಎರಡು ಬಚ್ಚಲು ಇದೆಯಾ ಅಂತ ಕೇಳಿದರು. "35 ಕಿಲೋವ್ಯಾಟ್ ಕಾಂಬಿ ಹಾಕಿಬಿಡೋಣ, ಹಂಡೆ ತೆಗೆದರೆ ಒಂದು ಕಪಾಟು ಉಳಿಯುತ್ತದೆ" ಅಂದರು. ಮಗ ಆಗಲೇ ಆ ಕಪಾಟಿನ ಅಳತೆ ತೆಗೆದುಕೊಳ್ಳುತ್ತಿದ್ದ.

ಎರಡನೆಯವರು ವಯಸ್ಸಾದವರು. ಬಾಯ್ಲರ್ ಕಡೆ ನೋಡುವ ಮೊದಲೇ ಕೇಳಿದರು: "ಒಂದು ಬಕೆಟ್ ಇದೆಯೇನಮ್ಮಾ?"

ಅಡುಗೆಮನೆಯ ತಣ್ಣೀರಿನ ನಲ್ಲಿಗೆ ನೀರು ಬರುವುದು ನೇರವಾಗಿ ಬೀದಿಯ ಪೈಪಿನಿಂದ. ಅದರ ಕೆಳಗೆ 10 ಲೀಟರ್ ಬಕೆಟ್ ಇಟ್ಟು, ನಲ್ಲಿ ಪೂರ್ತಿ ತಿರುಗಿಸಿ, ಕೈಗಡಿಯಾರ ನೋಡಿದರು. 52 ಸೆಕೆಂಡ್. ಅಂದರೆ ನಿಮಿಷಕ್ಕೆ ಹನ್ನೊಂದೂವರೆ ಲೀಟರ್. "ಇದನ್ನೇ ನಾಳೆ ಬೆಳಗ್ಗೆ ಏಳೂವರೆಗೆ ಮಾಡಿ ನೋಡಿ. ಬೀದಿಯವರೆಲ್ಲ ಸ್ನಾನ ಮಾಡುವ ಹೊತ್ತು ಅದು" ಅಂದರು. ಮಾಡಿದೆ. 58 ಸೆಕೆಂಡ್ ಹಿಡಿಯಿತು. ನಿಮಿಷಕ್ಕೆ ಹತ್ತು ಲೀಟರ್ ಚಿಲ್ಲರೆ.

ಈ ಒಂದು ಅಂಕಿಯ ಮುಂದೆ ನಾನು ಅಲ್ಲಿಯವರೆಗೆ ಓದಿದ್ದೆಲ್ಲ ಬೇರೆಯಾಗಿ ಕಾಣತೊಡಗಿತು. ಕಾಂಬಿ ಹಾಕಿದ ಮೇಲೆ ಮನೆಯ ಬಿಸಿನೀರೂ ತಣ್ಣೀರೂ ಎಲ್ಲ ಆ ಒಂದೇ ಪೈಪಿನಿಂದ ಬರಬೇಕು. ಮೇಲಿನ ಶವರ್ ಅಳೆದೆ. ನಮಗೆ ಹಿತವಾಗುವಷ್ಟು ತಿರುಗಿಸಿದರೆ ನಿಮಿಷಕ್ಕೆ ಎಂಟೂವರೆ ಲೀಟರ್. ಕೆಳಗಿನ ಅತ್ತೆಯವರ ಶವರ್ 7 ಲೀಟರ್. ಎರಡೂ ಒಟ್ಟಿಗೆ ಓಡಿದರೆ ಹದಿನೈದೂವರೆ. ಬರುವುದು ಹತ್ತು. ಅಲ್ಲಿಗೆ ಬಾಯ್ಲರ್ 35 ಕಿಲೋವ್ಯಾಟ್ ಇದ್ದರೇನು, 50 ಇದ್ದರೇನು? ಪೈಪಿನಲ್ಲಿ ಇಲ್ಲದ ನೀರನ್ನು ಅದು ಎಲ್ಲಿಂದ ತರುತ್ತದೆ?

ಆಗ ಅಟ್ಟದ ತೊಟ್ಟಿ ಇಷ್ಟು ವರ್ಷ ಏನು ಮಾಡುತ್ತಿತ್ತು ಅಂತ ಅರ್ಥವಾಯಿತು. ಅದು ಹೊತ್ತಲ್ಲದ ಹೊತ್ತಲ್ಲಿ ನಿಧಾನಕ್ಕೆ ತುಂಬಿಕೊಂಡು, ಬೇಕಾದ ಹೊತ್ತಲ್ಲಿ ಎರಡು ಬಚ್ಚಲಿಗೂ ಒಟ್ಟಿಗೆ ಕೊಡುತ್ತಿತ್ತು. ಮೇಲಿನ ಶವರ್‌ಗೆ ಒಂದು ಚಿಕ್ಕ ಪಂಪ್ ಬೇಕು, ನಿಜ. ಕೆಳಗಿನದಕ್ಕೆ ಅದೂ ಬೇಡ.

ಬಿಸಿ ಮಾಡುವ ಲೆಕ್ಕವನ್ನೂ ಹೇಳಿಬಿಡುತ್ತೇನೆ, ತುಂಬ ಸುಲಭ. ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಿಸಬೇಕು, ಎರಡನ್ನೂ ಗುಣಿಸಿ, ಮತ್ತೆ 0.07ರಿಂದ ಗುಣಿಸಿದರೆ ಕಿಲೋವ್ಯಾಟ್ ಬರುತ್ತದೆ. ಚಳಿಗಾಲದಲ್ಲಿ ನಮ್ಮ ನಲ್ಲಿಯ ತಣ್ಣೀರು 6 ಡಿಗ್ರಿ ಇತ್ತು. ಥರ್ಮಾಮೀಟರ್ ಅದ್ದಿ ನೋಡಿದ್ದೆ. ಸ್ನಾನಕ್ಕೆ 40 ಬೇಕು. ಏರಬೇಕಾದದ್ದು 34 ಡಿಗ್ರಿ. ಮೇಲಿನ ಒಂದು ಶವರ್‌ಗೇ 20 ಕಿಲೋವ್ಯಾಟ್ ಬೇಕು. ಎರಡೂ ಓಡಿದರೆ 37. ಬೇಸಿಗೆಯಲ್ಲಿ ತಣ್ಣೀರೇ 17 ಡಿಗ್ರಿ ಇರುತ್ತದೆ, ಆಗ ಅದೇ ಬಾಯ್ಲರ್ ಧಾರಾಳವಾಗಿ ಕೊಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕಾಂಬಿ ಹಾಕಿಸಿದವರು ಖುಷಿಯಾಗಿದ್ದು ಚಳಿಗಾಲ ಬಂದಾಗ ಧಾರೆ ಸಣ್ಣದಾಯಿತು ಅನ್ನುವುದು.

ಇನ್ನೊಂದು ವಿಷಯ. ಕಂಪನಿಯವರ ಹಾಳೆಯಲ್ಲಿ "ನಿಮಿಷಕ್ಕೆ ಇಷ್ಟು ಲೀಟರ್" ಅಂತ ಬರೆದಿರುತ್ತಾರಲ್ಲ, ಅದರ ಪಕ್ಕದಲ್ಲಿ ಎಷ್ಟು ಡಿಗ್ರಿ ಏರಿಕೆಗೆ ಅಂತ ಇರುತ್ತದೆ. ಅದನ್ನು ಓದದೆ ಎರಡು ಬಾಯ್ಲರ್ ಹೋಲಿಸಬೇಡಿ. 30 ಕಿಲೋವ್ಯಾಟ್‌ನ ಒಂದೇ ಬಾಯ್ಲರ್ 30 ಡಿಗ್ರಿ ಏರಿಕೆಗೆ 14 ಲೀಟರ್ ಕೊಡುತ್ತದೆ, 35 ಡಿಗ್ರಿ ಏರಿಕೆಗೆ ಬರೀ 12. ಚಳಿ ಇರುವ ಕಡೆ ನೋಡಬೇಕಾದದ್ದು ಎರಡನೆಯದನ್ನು.

ಮನೆ ಬೆಚ್ಚಗಿಡುವ ಲೆಕ್ಕ ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅತಿ ಚಳಿಯಿದ್ದ ಒಂದು ದಿನ ಗ್ಯಾಸ್ ಮೀಟರ್ ಬರೆದಿಟ್ಟಿದ್ದೆ. 24 ಗಂಟೆಯಲ್ಲಿ 160 ಯೂನಿಟ್, ಸ್ನಾನದ ನೀರೂ ಸೇರಿ. ಗಂಟೆಗೆ ಸುಮಾರು ಆರೂಮುಕ್ಕಾಲು. ಹಳೆಯ ಬಾಯ್ಲರ್‌ನಲ್ಲಿ ಕಾಲು ಭಾಗ ಹೊಗೆಯ ಜೊತೆ ಹೋಗುತ್ತದೆ ಅಂದುಕೊಂಡರೆ, ಮನೆಗೆ ಸಿಕ್ಕಿದ್ದು 5 ಕಿಲೋವ್ಯಾಟ್. ಅಷ್ಟೇ! ವರ್ಷದ ಅತಿ ಚಳಿಯ ದಿನಕ್ಕೇ ಅಷ್ಟು ಸಾಕು. ಅಂದರೆ ದಿನಕ್ಕೆ ಒಂದು ಗಂಟೆಯ ಸ್ನಾನಕ್ಕಾಗಿ 35 ಕಿಲೋವ್ಯಾಟ್ ಯಂತ್ರ ತಂದು, ಮಿಕ್ಕ ಹೊತ್ತು ಅದನ್ನು 5ರಲ್ಲಿ, ಸಾಧಾರಣ ಚಳಿಯಲ್ಲಿ 2ರಲ್ಲಿ ಓಡಿಸಬೇಕು. ಬಾಯ್ಲರ್ ಎಷ್ಟು ಕೆಳಗೆ ಇಳಿಯಬಲ್ಲದು ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಹತ್ತನೇ ಒಂದು ಭಾಗಕ್ಕೆ ಇಳಿಯುವವೂ ಇವೆ. ಅಷ್ಟು ಇಳಿಯದವು ಹೊತ್ತಿ ಆರಿ, ಹೊತ್ತಿ ಆರಿ ಓಡುತ್ತವೆ. ಗ್ಯಾಸೂ ಜಾಸ್ತಿ, ಸವೆತವೂ ಜಾಸ್ತಿ. ಮೊದಲು ಬಂದವರು ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಇಷ್ಟಾದರೂ ನಾನು ಕಾಂಬಿಯನ್ನು ಬಿಟ್ಟಿರಲಿಲ್ಲ. ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ನೋಡಿದೆ. ಅವಳ ಮನೆಯಲ್ಲಿ ಇಬ್ಬರೇ. ಒಂದೇ ಬಚ್ಚಲು, ಅದರ ಗೋಡೆಯ ಹಿಂದೆಯೇ ಬಾಯ್ಲರ್. ನಲ್ಲಿ ತಿರುಗಿಸಿದ ಹತ್ತು ಹನ್ನೆರಡು ಸೆಕೆಂಡಿಗೆ ಬಿಸಿನೀರು ಬಂತು. ಎಷ್ಟು ಹೊತ್ತು ನಿಂತರೂ ಅದೇ ಬಿಸಿ. "ಅಕ್ಕಾ, ನನಗಂತೂ ಇದಕ್ಕಿಂತ ಒಳ್ಳೆಯದು ಬೇಡವೇ ಬೇಡ" ಅಂದಳು. ಅವಳ ಮಾತು ನೂರಕ್ಕೆ ನೂರು ನಿಜ. ಹಂಡೆಗೆ ಜಾಗವಿಲ್ಲದ, ಒಂದು ಬಚ್ಚಲಿನ ಮನೆಗೆ ನಾನೂ ಅದನ್ನೇ ಹೇಳುತ್ತೇನೆ. ನೀರು ನಿಂತಿರುವುದೇ ಇಲ್ಲವಾದ್ದರಿಂದ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಭಯವೂ ಕಡಿಮೆ. ಹಂಡೆಯನ್ನಾದರೆ ಅದೇ ಕಾರಣಕ್ಕೆ 60 ಡಿಗ್ರಿಗೆ ಕಾಯಿಸಬೇಕು.

ಅವಳ ಅನುಭವದ ಇನ್ನೆರಡು ಮಾತು ಕಾಂಬಿ ಹಾಕಿಸುವವರಿಗೆ ಉಪಯೋಗಕ್ಕೆ ಬರುತ್ತವೆ. ಬಾಯ್ಲರ್ ತಣ್ಣಗಿದ್ದಾಗ ಅದರ ಮೇಲಿನ ಒತ್ತಡದ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಇಳಿದರೆ ಕೆಳಗಿನ ಚಿಕ್ಕ ವಾಲ್ವ್ ತೆರೆದು ನೀರು ತುಂಬಬೇಕು. ಒಮ್ಮೆ ತುಂಬಿದ್ದು ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಶನ್ ವೆಸೆಲ್‌ನ ಗಾಳಿ ಹೋಗಿದೆ ಅಂತ ಅರ್ಥ. ಸುಮ್ನೆ ತುಂಬುತ್ತಾ ಕೂರಬಾರದು. ಇನ್ನೊಂದು, ಹೊರಗೋಡೆಯ ಸಣ್ಣ ಪ್ಲಾಸ್ಟಿಕ್ ಪೈಪ್. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳು ಹೊಗೆಯಲ್ಲಿರುವ ಹಬೆಯನ್ನೂ ನೀರಾಗಿಸಿ ಅದರ ಶಾಖ ಹಿಂಡಿಕೊಳ್ಳುತ್ತವೆ. ಆ ನೀರು ಹೊರಹೋಗುವ ಪೈಪ್ ಅದು. ಅತಿ ಚಳಿಯ ಒಂದು ಬೆಳಗ್ಗೆ ಅದು ಹೆಪ್ಪುಗಟ್ಟಿ, ಗುಳುಗುಳು ಸದ್ದು ಮಾಡಿ, ಬಾಯ್ಲರ್ ನಿಂತೇಹೋಯಿತಂತೆ. ಪೈಪಿನ ಮೇಲೆ ಬೆಚ್ಚನೆಯ ನೀರು ಸುರಿದ ಮೇಲೆ ಸರಿಯಾಯಿತು. ಕುದಿಯುವ ನೀರು ಸುರಿಯಬಾರದು. ಹೊರಗಿನ ಭಾಗ ದಪ್ಪ ಪೈಪಿನದಾಗಿದ್ದು, ಚೆನ್ನಾಗಿ ಇಳಿಜಾರಿದ್ದು, ಅದಕ್ಕೆ ಫೋಮ್ ಸುತ್ತಿದ್ದರೆ ಈ ಕಾಟವೇ ಇರುವುದಿಲ್ಲ.

ಮನೆಗೆ ಬಂದು ಪೈಪಿನ ಉದ್ದ ಅಳೆದೆ. ನಮ್ಮಲ್ಲಿ ಬಾಯ್ಲರ್ ಅಡುಗೆಮನೆಯಲ್ಲಿ, ಮೇಲಿನ ಬಚ್ಚಲು ಮನೆಯ ಆ ತುದಿಯಲ್ಲಿ. 15 ಮಿಲಿಮೀಟರ್ ಪೈಪ್ 14 ಮೀಟರ್ ಓಡಬೇಕು. ಅದರೊಳಗೆ ನಿಂತ ನೀರೇ ಎರಡು ಲೀಟರ್. ಬಾಯ್ಲರ್ ಹೊತ್ತಿಕೊಳ್ಳುವ ಹೊತ್ತೂ ಸೇರಿದರೆ ಕೈ ತೊಳೆಯಲು ನಿಂತವರು ಅರ್ಧ ನಿಮಿಷ ಕಾಯಬೇಕು. ಮಕ್ಕಳು ಕಾಯುತ್ತಾರಾ? ತಣ್ಣೀರಲ್ಲೇ ತೊಳೆದು ಹೋಗುತ್ತಾರೆ, ಇತ್ತ ಬಾಯ್ಲರ್ ಯಾರಿಗೂ ಮುಟ್ಟದ ನೀರನ್ನು ಕಾಯಿಸಿರುತ್ತದೆ. ಹಂಡೆ ಇರುವುದು ಬಚ್ಚಲಿನ ಪಕ್ಕದ ಕಪಾಟಿನಲ್ಲಿ, ಎರಡು ಮೀಟರ್ ದೂರ.

ನಮ್ಮ ನೀರು ಗಡಸು. ಕೆಟಲ್ ಒಳಗೆ ತಿಂಗಳೊಳಗೇ ಬಿಳಿ ಪದರ ಕಟ್ಟುತ್ತದೆ. ಕಾಂಬಿಯ ಪ್ಲೇಟ್‌ಗಳ ನಡುವಿನ ಸಂದು ತೀರ ಕಿರಿದು, ಅಲ್ಲಿ ಸುಣ್ಣ ಕಟ್ಟಿದರೆ ಬಿಸಿನೀರು ಒಮ್ಮೆ ಸುಡುತ್ತದೆ, ಒಮ್ಮೆ ತಣ್ಣಗಾಗುತ್ತದೆ. ಹಂಡೆಯ ಸುರುಳಿಗೂ ಕಟ್ಟುತ್ತದೆ, ಆದರೆ ಅದು ಮುಚ್ಚಿಹೋಗುವುದಿಲ್ಲ. ಕಾಂಬಿ ಇರುವವರು ಬಿಸಿನೀರಿನ ಡಿಗ್ರಿಯನ್ನು 50ರ ಒಳಗೆ ಇಟ್ಟರೆ ಸುಣ್ಣ ನಿಧಾನವಾಗುತ್ತದೆ. 60ಕ್ಕೆ ಇಟ್ಟು ಮತ್ತೆ ತಣ್ಣೀರು ಬೆರೆಸುವುದರಲ್ಲಿ ಏನೂ ಲಾಭವಿಲ್ಲ.

ಇದೆಲ್ಲ ಲೆಕ್ಕ. ನನ್ನ ಮನಸ್ಸು ಪೂರ್ತಿ ತಿರುಗಿದ್ದು ಅತ್ತೆಯವರ ಮಾತಿನಿಂದ.

ಅವರಿಗೆ 78 ವರ್ಷ, ಮಂಡಿನೋವು. ಬೆಳಗ್ಗೆ ಬಿಸಿನೀರು ಬಿದ್ದ ಮೇಲೆಯೇ ಕಾಲು ಮಡಚಲು ಬರುವುದು. ನಾನೂ ನಮ್ಮವರೂ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಮಾತಾಡುತ್ತಿದ್ದೆವು. ಅವರು ಕೇಳಿಸಿಕೊಂಡು ಕೂತಿದ್ದರು. ಆಮೇಲೆ ಕೇಳಿದರು: "ಅಲ್ಲಮ್ಮಾ, ಆ ಐದು ದಿನ ನನಗೆ ಬಿಸಿನೀರು ಎಲ್ಲಿಂದ ಬಂತು?"

ಹಂಡೆಯಿಂದ. ಅದರೊಳಗೆ 3 ಕಿಲೋವ್ಯಾಟ್‌ನ ಒಂದು ಇಮ್ಮರ್ಶನ್ ಹೀಟರ್ ಇದೆ. ಬಾಯ್ಲರ್ ಸತ್ತ ಬೆಳಗ್ಗೆ ನಮ್ಮವರು ಕಪಾಟಿನ ಪಕ್ಕದ ಕೆಂಪು ಸ್ವಿಚ್ ಹಾಕಿದ್ದರು. ಎರಡೂವರೆ ಗಂಟೆಯಲ್ಲಿ ಹಂಡೆ ಕಾದಿತ್ತು. ಐದು ದಿನವೂ ಕೋಣೆಗಳು ತಣ್ಣಗಿದ್ದವು, ಒಂದೆರಡು ಎಲೆಕ್ಟ್ರಿಕ್ ಹೀಟರ್ ಇಟ್ಟುಕೊಂಡು ದಿನ ತಳ್ಳಿದೆವು. ಸ್ನಾನ ಮಾತ್ರ ಯಾರಿಗೂ ತಪ್ಪಿರಲಿಲ್ಲ. ನಾನು ಅದನ್ನು ಮರೆತೇಬಿಟ್ಟಿದ್ದೆ. ಕಷ್ಟ ಆಗಿದ್ದರೆ ನೆನಪಿರುತ್ತಿತ್ತು, ಕಷ್ಟ ಆಗಲಿಲ್ಲವಲ್ಲ, ಅದಕ್ಕೇ ಮರೆತದ್ದು. ಕಾಂಬಿ ಒಂದು ಕೆಟ್ಟರೆ ಬೆಚ್ಚಗೂ ಇಲ್ಲ, ಬಿಸಿನೀರೂ ಇಲ್ಲ.

ಅದೇ ವಾರ ಎರಡನೆಯವರನ್ನು ಮತ್ತೆ ಕರೆಸಿದೆವು. ಮೂರನೆಯವರೂ ಅಷ್ಟರಲ್ಲಿ ಬಂದು ಹೋಗಿದ್ದರು. ಬೀದಿಯಿಂದ ಮನೆಗೆ ದಪ್ಪ ಪೈಪ್ ಎಳೆಸಿದರೆ ಕಾಂಬಿ ಚೆನ್ನಾಗಿ ಓಡುತ್ತದೆ ಅಂದಿದ್ದರು. ಅದು ಸರಿಯಾದ ಮಾತೇ. ಆದರೆ ಅಂಗಳ ಅಗೆಯಬೇಕು, ಬಾಯ್ಲರ್‌ಗೆ ಹೋಗುವ ಗ್ಯಾಸ್ ಪೈಪನ್ನೂ 15ರಿಂದ 22 ಮಿಲಿಮೀಟರ್‌ಗೆ ಬದಲಾಯಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೆಟ್ಟ ದಿನಕ್ಕೆ ಆಸರೆ ಇಲ್ಲ. ಮುಂದೆ ಗ್ಯಾಸ್ ಬಿಟ್ಟು, ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆಳೆಯುವ ಹೀಟ್ ಪಂಪ್ ಹಾಕಿಸಬೇಕು ಅಂದರೆ ಬಿಸಿನೀರಿಗೆ ಸಾಮಾನ್ಯವಾಗಿ ಹಂಡೆ ಬೇಕು. ತೆಗೆದ ಕಪಾಟು ಆಗ ಎಲ್ಲಿಂದ ತರುವುದು?

ಕೊನೆಗೆ ಹಾಕಿಸಿದ್ದು ಹೀಗೆ. 15 ಕಿಲೋವ್ಯಾಟ್‌ನ ಕಂಡೆನ್ಸಿಂಗ್ ಬಾಯ್ಲರ್. ಅದು 3ಕ್ಕೆ ಇಳಿಯುತ್ತದೆ. ಹಳೆಯ ತಾಮ್ರದ ಹಂಡೆಯ ಜಾಗದಲ್ಲಿ 180 ಲೀಟರಿನ ಹೊಸದು, ಸುತ್ತ ದಪ್ಪ ಫೋಮ್. ದಿನಕ್ಕೆ ಮೂರು ಯೂನಿಟ್ ಕಳೆಯುತ್ತಿದ್ದದ್ದು ಈಗ ಒಂದೂವರೆಗೆ ಇಳಿದಿದೆ. ಅಟ್ಟದ ತೊಟ್ಟಿಯನ್ನು ಖಾಲಿ ಮಾಡಿ, ಉಜ್ಜಿ ತೊಳೆದು, ಗಟ್ಟಿ ಮುಚ್ಚಳ ಹಾಕಿಸಿ, ಸುತ್ತ ಹೊದಿಕೆ ಕಟ್ಟಿಸಿದೆವು. ತೊಳೆಯುವಾಗ ತಳದಲ್ಲಿ ಕಂಡ ಕೆಸರು ನೋಡಿ, ಇದನ್ನು ಮೊದಲೇ ಮಾಡಿಸಬೇಕಿತ್ತು ಅನ್ನಿಸಿತು. ರೇಡಿಯೇಟರ್ ಸಾಲನ್ನೂ ತೊಳೆದರು, ಕಪ್ಪು ನೀರು ಬಕೆಟ್‌ಗಟ್ಟಲೆ ಬಂತು. ಅದು ಒಳಗಿನ ತುಕ್ಕು. ಅದನ್ನು ಹಿಡಿಯಲು ವಾಪಸ್ ಬರುವ ಪೈಪಿಗೆ ಆಯಸ್ಕಾಂತದ ಫಿಲ್ಟರ್ ಹಾಕಿದರು. ಬಾಯ್ಲರ್ ಯಾವುದೇ ಆಗಲಿ, ಹಳೆಯ ಸಾಲನ್ನು ತೊಳೆಯದೆ ಹೊಸದನ್ನು ಜೋಡಿಸಲು ಬಿಡಬೇಡಿ. ಗ್ಯಾಸ್ ಕೆಲಸಕ್ಕೆ ಲೈಸೆನ್ಸ್ ಇದ್ದವರೇ ಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು. ಈ ಎರಡರಲ್ಲಿ ಚೌಕಾಸಿ ಬೇಡ.

ರೇಡಿಯೇಟರ್‌ಗೆ ಹೋಗುವ ನೀರನ್ನು ಈಗ 55 ಡಿಗ್ರಿಗೆ ಇಟ್ಟಿದ್ದೇವೆ. ಮೊದಲು 75 ಇತ್ತು. ಹೊಗೆಯ ಹಬೆ ನೀರಾಗಬೇಕಾದರೆ ಮನೆ ಸುತ್ತಿ ವಾಪಸ್ ಬರುವ ನೀರು 55ಕ್ಕಿಂತ ಕೆಳಗಿರಬೇಕು, ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ರೇಡಿಯೇಟರ್ ಮುಟ್ಟಿದರೆ ಸುಡುವುದಿಲ್ಲ, ಮನೆ ಮಾತ್ರ ಒಂದೇ ಸಮನೆ ಬೆಚ್ಚಗಿರುತ್ತದೆ. ಹಂಡೆ ಕಾಯಿಸುವ ಹೊತ್ತಿನಲ್ಲಷ್ಟೇ ಬಾಯ್ಲರ್ ತಾನೇ ಬಿಸಿ ಏರಿಸಿಕೊಳ್ಳುತ್ತದೆ, ಬೆಳಗ್ಗೆ ಐದೂವರೆಗೆ ಒಮ್ಮೆ. ಕಪಾಟು ಸಿಗಲಿಲ್ಲ ಅಂತ ಮಗನಿಗೆ ಬೇಸರವಾಗಿತ್ತು. ಅಟ್ಟದಲ್ಲಿ ಅವನಿಗೊಂದು ಮೂಲೆ ಮಾಡಿಕೊಟ್ಟೆವು.

ಈ ಚಳಿಗಾಲದ ಮೊದಲ ಅತಿ ಚಳಿಯ ದಿನ, ಏಳೂವರೆಗೆ, ಮೇಲಿನ ಶವರ್ ಓಡುತ್ತಿರುವಾಗಲೇ ನಾನು ಅತ್ತೆಯವರ ಬಚ್ಚಲ ಬಾಗಿಲ ಹೊರಗೆ ನಿಂತು ಕೇಳಿದೆ, "ಅತ್ತೆ, ನೀರು ಸರಿಯಾಗಿ ಬರ್ತಿದೆಯಾ?" "ಬರ್ತಿದೆ, ನೀನು ಹೋಗು" ಅಂದರು. ಆಮೇಲೆ ಮೇಲೆ ಹೋಗಿ ಕೆಂಪು ಸ್ವಿಚ್ಚನ್ನೂ ಹತ್ತು ನಿಮಿಷ ಹಾಕಿ, ಮೀಟರ್ ಓಡುವುದನ್ನು ನೋಡಿ ಆರಿಸಿದೆ. ತಿಂಗಳಿಗೊಮ್ಮೆ ಹಾಗೆ ನೋಡುತ್ತೇವೆ.